ಚಾಮರಾಜಪೇಟೆಯ ಮಣ್ಣುಂಡಿ

ಬೆಂಗಳೂರಿಗೆ ಬಂದು ನಾನು ಮೊದಲು ಕೊಂಡ ವಸ್ತು ಒಂದು ಬೀಗ. ಚಾಪೆಗಿಂತ ಮೊದಲು, ನೀರು ಕುಡಿಯುವ ತಂಬಿಗೆಗಿಂತಲೂ ಮೊದಲು. ಎಪ್ಪತ್ತೆಂಟರಲ್ಲಿ ಚಾಮರಾಜಪೇಟೆಯ ಆ ಬಾಡಿಗೆ ಕೋಣೆಯ ಮುಂದೆ ಟ್ರಂಕು ಇಳಿಸುತ್ತಿದ್ದಾಗ ಮನೆಯ ಒಡತಿ ವಿಶಾಲಾಕ್ಷಮ್ಮನವರು ನನ್ನ ಹೆಸರು ಕೇಳುವ ಮೊದಲೇ “ಬೀಗ ತಂದಿದೀರಾ?” ಎಂದು ಕೇಳಿದರು. ಇಲ್ಲ ಎಂದೆ. ಅಡಿಯಿಂದ ಮುಡಿಯವರೆಗೆ ನನ್ನನ್ನೊಮ್ಮೆ ನೋಡಿ, “ಮೊದ್ಲು ಅಂಗಡಿಗೆ ಹೋಗಿ ಬನ್ನಿ, ಆಮೇಲೆ ಸಾಮಾನು ಒಳಗಿಡೋರಂತೆ” ಎಂದರು.

ಅಂದಿನಿಂದ ನಾನು ಕಚೇರಿಗೆ ಹೊರಟಾಗಲೆಲ್ಲ ಜಗಲಿಯ ಮೇಲಿಂದ ಅವರದು ಒಂದೇ ಪ್ರಶ್ನೆ: “ಎಳೆದು ನೋಡಿದ್ರಾ?” ಬೀಗ ಹಾಕಿದರೆ ಸಾಲದು, ಎಳೆದು ನೋಡಬೇಕು. ಎಳೆದು ನೋಡಿ ಹತ್ತು ಹೆಜ್ಜೆ ನಡೆದ ಮೇಲೆ ಮತ್ತೆ ಅನುಮಾನ ಬಂದು ನಾನೇ ಹಿಂದಿರುಗಿ ಎಳೆದು ನೋಡಿದ ದಿನ, ಇನ್ನು ನಾನು ಈ ಊರಿನವನಾಗುತ್ತಿದ್ದೇನೆ ಎಂದು ಹೆದರಿಕೆಯಾಯಿತು. ನಮ್ಮ ಓಣಿಯಲ್ಲಿ ಬಾಗಿಲಿಗೆ ಚಿಲಕ ಹಾಕುವುದೇ ನಾಯಿ ನುಗ್ಗಬಾರದೆಂದು. ಅವ್ವ ಸಂತೆಗೆ ಹೋಗುವಾಗ ಎದುರು ಮನೆಯವರಿಗೆ “ನಮ್ಮ ಬಾಗಲ ಕಡೆ ಲಕ್ಷ್ಯ ಇರ್ಲಿ” ಎಂದು ಕೂಗಿ ಹೋಗುತ್ತಿದ್ದಳು. ಅದೇ ನಮ್ಮ ಬೀಗ.

ನನ್ನ ನೌಕರಿಯ ವಿಚಾರ ಸ್ವಲ್ಪ ಹೇಳಬೇಕು. ಸರಕಾರದ ಒಂದು ಕಚೇರಿಯ ಅಂಕಿಸಂಖ್ಯೆ ಶಾಖೆಯಲ್ಲಿ ನಾನು ಗುಮಾಸ್ತ. ರಾಜ್ಯದ ಊರೂರುಗಳ ಪೊಲೀಸ್ ಠಾಣೆಗಳಿಂದ ತಿಂಗಳಿಗೊಮ್ಮೆ ತಖ್ತೆಗಳು ಬರುತ್ತವೆ. ಎಷ್ಟು ಕಳವು, ಎಷ್ಟು ಕನ್ನ, ಎಷ್ಟು ಹೊಡೆದಾಟ, ಎಷ್ಟು ಕೊಲೆ. ಅವನ್ನೆಲ್ಲ ದೊಡ್ಡದೊಂದು ಹಾಳೆಗೆ ಏರಿಸಿ, ಆಯಾ ಊರಿನ ಜನಸಂಖ್ಯೆಯಿಂದ ಭಾಗಿಸಿ, ಲಕ್ಷ ಜನಕ್ಕೆ ಇಷ್ಟು ಎಂದು ತೆಗೆಯುವುದು ನನ್ನ ಕೆಲಸ. ಹಾಗೆ ಭಾಗಿಸಿದರೇನೇ ದೊಡ್ಡ ಊರನ್ನೂ ಸಣ್ಣ ಊರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬಳ್ಳಾರಿ, ಮಂಗಳೂರು ಎಲ್ಲ ಇಳಿದು ಹಾಳೆಯ ಬುಡಕ್ಕೆ ಬಂದರೆ ಅಲ್ಲಿ ನಮ್ಮೂರು. ಕಳವಿನ ಅಂಕಣದಲ್ಲಿ ಎಷ್ಟೋ ತಿಂಗಳು ಬರೀ ಸೊನ್ನೆ. ಆ ಸೊನ್ನೆಯನ್ನು ನಾನು ದುಂಡಗೆ, ಮುದ್ದಾಗಿ ಬರೆಯುತ್ತಿದ್ದೆ.

ಈ ಸಂಗತಿಯನ್ನು ಊರಿಗೆ ಬಂದಾಗ ಬಾಯಿಬಿಟ್ಟದ್ದೇ ತಪ್ಪಾಯಿತು. ನೀವು ಓದುತ್ತಿರುವ ಈ ವಾರಪತ್ರಿಕೆಯ ಸಂಪಾದಕರು ಬೆನ್ನು ಹತ್ತಿದರು: “ರಾಜ್ಯದಾಗ ಎಲ್ಲಾ ಊರಿಗಿಂತ ನಮ್ಮೂರ ಸುರಕ್ಷಿತ ಅಂತ ಒಂದು ಲೇಖನ ಬರದ ಕಳಸ್ರಿ. ಜನಕ್ಕ ಅಭಿಮಾನ ಬರ್ಲಿ.” ಬರೆಯುತ್ತೇನೆ ಎಂದು ಒಪ್ಪಿಕೊಂಡು ಐದಾರು ವರ್ಷವಾಯಿತು. ಅವರು ಬೇಡಿದ ಲೇಖನ ಇದಲ್ಲ. ಆದರೆ ನನ್ನಿಂದ ಬರೆಯಲು ಆದದ್ದು ಇದೊಂದೇ.

ಶಾಖೆಯ ಮುಖ್ಯ ಗುಮಾಸ್ತರು ನಂಜುಂಡಯ್ಯನವರು. ನಶ್ಯದ ಡಬ್ಬಿ, ಮೊಳಕೈ ತೇಪೆಯ ಕೋಟು, ಇನ್ನೆರಡು ವರ್ಷಕ್ಕೆ ನಿವೃತ್ತಿ. ನನ್ನ ಸೊನ್ನೆಯ ಜಂಬ ಅವರಿಗೆ ಗೊತ್ತಿತ್ತು.

“ಜಾಸ್ತಿ ಹಿಗ್ಬೇಡಿ ಕಣ್ರಿ,” ಎಂದರು ಒಂದು ದಿನ. “ನಮ್ಮ ಹಾಳೆಗೆ ಬರೋದು ಎಷ್ಟು ಕದ್ರು ಅನ್ನೋ ಲೆಕ್ಕ ಅಲ್ಲ, ಎಷ್ಟು ಜನ ಬಂದು ಹೇಳ್ಕೊಂಡ್ರು ಅನ್ನೋ ಲೆಕ್ಕ. ಬೆಂಗಳೂರಲ್ಲಿ ಸೈಕಲ್ ಹೋದ್ರೂ ದೂರು ಕೊಡ್ತಾರೆ. ನಿಮ್ಮೂರಲ್ಲಿ ಯಾರೂ ಬಾಯಿ ಬಿಡಲ್ಲ, ಅಷ್ಟೆ.”

ನನಗೆ ರೇಗಿತು. “ಬಾಯಿ ಬಿಡೂ ಪ್ರಸಂಗನ ಬರೂದಿಲ್ರಿ ನಮ್ಮಲ್ಲೆ. ನಮ್ಮ ಕಡೆ ಮಣ್ಣುಂಡಿ ಐತ್ರಿ,” ಎಂದೆ.

ಊರಿನ ಹಿರಿಯರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಓಣಿಯಲ್ಲಿ ಏನಾದರೂ ಕಳೆದರೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮನೆಗೊಬ್ಬರು ಇಬ್ಬರು ದೊಡ್ಡವರು ಹಿಡಿ ಎರೆ ಮಣ್ಣು ತೆಗೆದುಕೊಂಡು, ಮನೆಯೊಳಗೆ ಹೋಗಿ ಕಲಸಿ ಉಂಡಿ ಕಟ್ಟಬೇಕು. ಹಣಮಪ್ಪನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕೊಪ್ಪರಿಗೆ ತುಂಬ ನೀರು ಇಟ್ಟಿರುತ್ತದೆ. ಒಬ್ಬೊಬ್ಬರೇ ಹೋಗಿ ಉಂಡಿಯನ್ನು ಅದರಲ್ಲಿ ಬಿಟ್ಟು ಬರಬೇಕು. ಕಳೆದುಕೊಂಡವರೂ ಬಿಡಬೇಕು. ತೆಗೆದವರು ಆ ವಸ್ತುವನ್ನು ತಮ್ಮ ಉಂಡಿಯೊಳಗೆ ಇಟ್ಟಿರುತ್ತಾರೆ. ಸಂಜೆಗೆ ಓಣಿಗೆ ಹಿರಿಯಳಾದ ನಮ್ಮಜ್ಜಿ ಹೋಗಿ ಕೈಯಾಡಿಸಿ, ನೀರು ಬಗ್ಗಿಸಿದರೆ ತಳದಲ್ಲಿ ಮೂಗುತಿಯೋ ಕಾಲುಂಗುರವೋ ಇರುತ್ತಿತ್ತು. ಅಲ್ಲಿಗೆ ಮುಗಿಯಿತು.

“ಚೆನ್ನಾಗಿದೆ,” ಎಂದರು ನಂಜುಂಡಯ್ಯ ನಶ್ಯ ಏರಿಸುತ್ತ. “ಆಮೇಲೆ ಕಳ್ಳನ್ನ ಏನ್ಮಾಡ್ತೀರಿ?”

“ಕಳ್ಳ ಎಲ್ಲಿ ಇರ್ತಾನ್ರಿ? ಸಾಮಾನು ಸಿಕ್ತಲ್ರಿ.”

ಇಷ್ಟು ದೊಡ್ಡ ಮಾತಾಡಿದವನು ನಾನು. ಇದು ನೆನಪಿರಲಿ.

ಇನ್ನು ನಾನಿದ್ದ ವಠಾರ. ವಠಾರವೆಂದರೆ ಹುಬ್ಬಳ್ಳಿಯ ಚಾಳನ್ನು ಮಡಚಿ ಅಂಗಳದ ಸುತ್ತ ಕೂರಿಸಿದ ಹಾಗೆ. ಬೀದಿಗೆ ಮುಖ ಮಾಡಿದ ಮನೆಯಲ್ಲಿ ವಿಶಾಲಾಕ್ಷಮ್ಮನವರು ಮತ್ತು ಅವರ ತಂಗಿ. ಎಡಕ್ಕೆ ಒಬ್ಬ ಹೈಸ್ಕೂಲ್ ಮೇಷ್ಟ್ರು, ಹೆಂಡತಿ ಮಕ್ಕಳೊಂದಿಗೆ. ಬಲಕ್ಕೆ ಜಯಮ್ಮನವರು ಮತ್ತು ಅವರ ಪ್ರಾಯದ ಮಗಳು. ಮೂಲೆಯ ಕೋಣೆ ನನ್ನದು. ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಒರಳುಕಲ್ಲು. ನೆಲಕ್ಕೆಲ್ಲ ಚಪ್ಪಡಿ, ಸಿಮೆಂಟು. ಕಾಲಿಗೆ ಮಣ್ಣು ತಾಗಬೇಕೆಂದರೆ ಬೀದಿಗೇ ಹೋಗಬೇಕು.

ಜಯಮ್ಮನವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರು ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಬಾಗಿಲ ಬಳಿ ಮಣೆ ಹಾಕಿಕೊಂಡು, ಇದ್ದಿಲಪುಡಿಯ ಕಪ್ಪು ಹಿಟ್ಟನ್ನು ಬೊಂಬಿನ ಕಡ್ಡಿಗೆ ಅಂಗೈಯಿಂದ ಉರುಳಿಸುತ್ತ ಬೆಳಗಿನಿಂದ ಸಂಜೆವರೆಗೆ ಕೂತಿರುತ್ತಿದ್ದರು. ಅವರ ಕೈ ಮೊಳಕೈವರೆಗೆ ಕಪ್ಪು. ಗಮಗಮ ಎನ್ನುವ ಗಾಳಿ ಬಂತೆಂದರೆ ಅವರ ಬಾಗಿಲು ತೆರೆದಿದೆ ಎಂದೇ ಅರ್ಥ.

ಮೊದಲ ವರ್ಷ ಈ ಊರಿನಲ್ಲಿ ನನ್ನೊಂದಿಗೆ ಬಾಯಿತುಂಬ ಮಾತಾಡಿದವರು ಅವರೊಬ್ಬರೇ. ನಾನು “ಹೌದ್ರಿ” ಎಂದರೆ ಮೇಷ್ಟ್ರ ಮಕ್ಕಳು “ಹೌದ್ರೀ, ಹೌದ್ರೀ” ಎಂದು ಹಾಡು ಕಟ್ಟಿ ಕುಣಿಯುತ್ತಿದ್ದರು. ಕನ್ನಡ ನಾಡಿನಲ್ಲೇ ಕನ್ನಡ ಮಾತಾಡಿ ನಗೆಪಾಟಲಾಗುವುದು ಎಂಥ ಒಂಟಿತನ ಎಂದು ಅನುಭವಿಸಿದವರಿಗೇ ಗೊತ್ತು. ರಜಾದಿನ ನನಗೆ ಶತ್ರು. ಬಸವನಗುಡಿಯ ಉದ್ಯಾನದವರೆಗೆ ನಡೆದು, ಕಲ್ಲುಬೆಂಚಿನ ಮೇಲೆ ಕೂತು, ಯಾರಾದರೂ ನಮ್ಮ ಕಡೆಯ ಮಾತು ಆಡುತ್ತಾರೇನೋ ಎಂದು ಕಿವಿಗೊಟ್ಟು ಹಿಂದಿರುಗುತ್ತಿದ್ದೆ. ಅಂಥ ಒಂದು ದಿನ ಜಯಮ್ಮನವರು ತಟ್ಟೆಯಲ್ಲಿ ಬಿಸಿ ರಾಗಿಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ನಾನು ಅಗಿದೆ. ಅದು ಹಲ್ಲಿಗೆ ಮೆತ್ತಿಕೊಂಡು ಬಾಯಿ ತೆರೆಯಲಾಗಲಿಲ್ಲ.

“ಅಯ್ಯೋ ಸ್ವಾಮಿ, ಅಗೀಬಾರ್ದು, ನುಂಗ್ಬೇಕು!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ಬಂತು. ಬೆಂಗಳೂರಿನಲ್ಲಿ ನಾನು ನಕ್ಕದ್ದು ಅದೇ ಮೊದಲು.

ಜೋಳದ ಹಿಟ್ಟು ಬೀಸಿಕೊಡುವ ಗಿರಣಿಯನ್ನು ಹುಡುಕಿ ತೋರಿಸಿದವರೂ ಅವರೇ. ನಾನು ತಟ್ಟಿದ ಮೊದಲ ರೊಟ್ಟಿ ಅಂಚು ಹರಿದು ಎತ್ತೆತ್ತಲೋ ಹೋಗಿತ್ತು. ಅರ್ಧ ಅವರಿಗೆ ಕೊಟ್ಟೆ. “ಗಟ್ಟಿ ಇದೆ ಸ್ವಾಮಿ, ಆದ್ರೆ ಹೊಟ್ಟೆ ತುಂಬುತ್ತೆ” ಎಂದು ಮರ್ಯಾದೆ ಉಳಿಸಿದರು.

ಮೂರನೆಯ ವರ್ಷ ವಿಶಾಲಾಕ್ಷಮ್ಮನವರ ಉಂಗುರ ಹೋಯಿತು. ಕೆಂಪು ಹರಳಿನದು, ತೀರಿಹೋದ ಯಜಮಾನರು ಕೊಟ್ಟದ್ದು. ಒರಳಿನಲ್ಲಿ ಉದ್ದು ರುಬ್ಬಲು ಕೂತಾಗ ಬೆರಳಿಂದ ಬಿಚ್ಚಿ ಪಕ್ಕದ ಕಟ್ಟೆಯ ಮೇಲೆ ಇಡುವುದು ಅವರ ರೂಢಿ. ಒಳಗೆ ಹಾಲು ಉಕ್ಕಿತೆಂದು ಎದ್ದುಹೋದರು. ಬಂದು ನೋಡಿದರೆ ಇಲ್ಲ. ದಿನಕ್ಕೆ ನಾಲ್ಕು ಸಲ ಬೀಗ ಎಳೆದು ನೋಡುವವರ ಉಂಗುರ ಹಾಡಹಗಲೇ ಅಂಗಳದಿಂದ ಹೋಗಿತ್ತು.

ಅವರು ಅತ್ತರು, ಆಮೇಲೆ ಸಿಟ್ಟಾದರು. “ನಾಳಿದ್ದು ಸೋಮವಾರ ಸ್ಟೇಷನ್ನಿಗೆ ಹೋಗ್ತೀನಿ. ಅವರೇ ಬಂದು ಒಬ್ಬೊಬ್ಬರನ್ನೂ ವಿಚಾರಿಸ್ಲಿ,” ಎಂದರು. ವಿಚಾರಣೆ ಎಂದರೆ ಮೊದಲು ಯಾರ ಮನೆಗೆ ಬರುತ್ತಾರೆ ಎಂದು ವಠಾರದವರೆಲ್ಲ ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿದ ಹಾಗಿತ್ತು. ಮೇಷ್ಟ್ರಿಗೆ ಸರಕಾರಿ ಕೆಲಸ, ನನಗೂ ಸರಕಾರಿ ಕೆಲಸ. ಹಿಂದೆ ಮುಂದೆ ಯಾರೂ ಇಲ್ಲದವರು ಜಯಮ್ಮ. ಎಲ್ಲರ ಕಣ್ಣೂ ಅವರ ಬಾಗಿಲಿಗೆ ಹೋಗಿ ಬರುತ್ತಿತ್ತು. ಅವರು ತಲೆಯೆತ್ತದೆ ಹೊಸೆಯುತ್ತಿದ್ದರು.

ನನಗೆ ಸಂಕಟವಾಯಿತು. ಅವರು ತೆಗೆದಿಲ್ಲವೆಂದು ನನಗೆ ಖಾತ್ರಿಯಿತ್ತು. ಈ ಹೆಂಗಸನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬಾಯಿ ಹಾಕಿದೆ. ಮಣ್ಣುಂಡಿಯ ಕಥೆ ಹೇಳಿದೆ. ಮೇಷ್ಟ್ರು “ಇದೇನ್ರೀ, ಹಳ್ಳಿ ಪಂಚಾಯ್ತಿ!” ಎಂದು ನಕ್ಕರು. ವಿಶಾಲಾಕ್ಷಮ್ಮ ನಗಲಿಲ್ಲ.

“ನನಗೆ ಉಂಗುರ ಬಂದ್ರೆ ಸಾಕಪ್ಪ. ಕಳ್ಳ ಯಾರೂಂತ ಕಟ್ಕೊಂಡು ನನಗೇನಾಗ್ಬೇಕು? ನಾಳೆ ಭಾನುವಾರ ತಾನೆ, ಮಾಡಿ,” ಎಂದರು.

ಆ ಸಂಜೆ ಮನೆ ಮನೆಗೆ ಹೋಗಿ ಕ್ರಮ ಹೇಳಿದೆ. ಜಯಮ್ಮನವರ ಬಾಗಿಲಲ್ಲಿ ನಿಂತು, “ಎಲ್ಲಾ ಹಂಡೆ ನೀರಾಗ ಹಾಕ್ತೀವ್ರಿ. ಕರಗಿ ಒಂದ ಆಗ್ತೈತಿ. ಯಾರ್ದು ಅಂತ ದೇವ್ರಿಗೂ ಗೊತ್ತಾಗಂಗಿಲ್ಲ,” ಎಂದೆ.

“ನಿಜಾನಾ ಸ್ವಾಮಿ?”

“ನಿಜಾ ರೀ.”

ಕಡ್ಡಿಯೊಂದನ್ನು ಹೊಸೆದಿಟ್ಟು ಮತ್ತೆ ಕೇಳಿದರು: “ನೀರಲ್ಲೇ ಹಾಕ್ತೀರಲ್ವಾ?”

“ನಾ ಅದೀನಲ್ರಿ,” ಎಂದೆ. ಎರಡು ಸಲ ಯಾಕೆ ಕೇಳಿದರು ಎಂದು ಆಗ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಇನ್ನೂ ಮನೆಯೊಳಗಿದ್ದ ಜಯಮ್ಮನವರನ್ನು ಬಿಟ್ಟು, ಎಲ್ಲರೂ ಅಂಗಳದಲ್ಲಿ ಸೇರಿದೆವು. ಕಿಟಕಿಯಿಲ್ಲದ ಬಚ್ಚಲುಮನೆಯೇ ನಮ್ಮ ಕತ್ತಲೆ ಕೋಣೆ. ಹಂಡೆಗೆ ನೀರು ತುಂಬಿಸಬೇಕು ಎಂದಾಗ ವಿಶಾಲಾಕ್ಷಮ್ಮ ತಿರುಗಿ ನೋಡಿದರು.

“ನಲ್ಲಿ ಬಂದು ಮೂರು ದಿನ ಆಯ್ತು. ಒಂದು ಹಂಡೆ ನೀರು ಮಣ್ಣಿಗೆ ಸುರೀಬೇಕಾ? ಮೊರದಲ್ಲಿ ಇಡ್ಲಿ. ಒಡೆದು ನೋಡಿದ್ರೆ ಆಯ್ತು.”

ಆಗ ನಾನು ಬೇಡ ಎನ್ನಬೇಕಿತ್ತು. ಎರಡು ಬೀದಿ ಆಚೆ ಬಾವಿಯಿತ್ತು, ನಾಲ್ಕು ಕೊಡ ಹೊತ್ತು ತರಬಹುದಿತ್ತು. ಬಾಡಿಗೆಯವನು ಒಡತಿಗೆ ಎದುರು ಹೇಳುವುದು ಹೇಗೆ ಎಂಬ ಅಳುಕು, ಎಲ್ಲರೂ ಕಾಯುತ್ತಿದ್ದಾರಲ್ಲ ಎಂಬ ನಾಚಿಕೆ. ಅದಕ್ಕಿಂತ ಹೆಚ್ಚಾಗಿ, ಮೊರವಾದರೇನು ಹಂಡೆಯಾದರೇನು ಎಂಬ ಉಡಾಫೆ. ಸುಮ್ಮನಾದೆ.

ಮೊದಲು ವಿಶಾಲಾಕ್ಷಮ್ಮ, ಅವರ ತಂಗಿ, ಮೇಷ್ಟ್ರು, ಅವರ ಹೆಂಡತಿ, ನಾನು. ಕೊನೆಗೆ ಜಯಮ್ಮ ಮನೆಯಿಂದ ಹೊರಬಂದು, ಸೆರಗಿನೊಳಗೆ ಕೈ ಹುದುಗಿಸಿಕೊಂಡು ಬಚ್ಚಲಿಗೆ ಹೋದರು. ಉಳಿದವರಿಗಿಂತ ತುಸು ಹೆಚ್ಚು ಹೊತ್ತು ಒಳಗಿದ್ದರು. ಆ ಕತ್ತಲೆಯಲ್ಲಿ ಕೈಗೆ ನೀರಿನ ಬದಲು ಮೊರ ತಗಲಿದಾಗ ಅವರ ಎದೆ ಏನಾಯಿತೋ ಎಂದು ಇವತ್ತಿಗೂ ನೆನೆಯುತ್ತೇನೆ. ಹೊರಗೆ ಹತ್ತು ಕಣ್ಣು ಕಾಯುತ್ತಿದ್ದವು. ಬಚ್ಚಲಿನಲ್ಲಿ ಇನ್ನೊಂದು ಬಾಗಿಲಿರಲಿಲ್ಲ.

ಮೊರವನ್ನು ಬೆಳಕಿಗೆ ತಂದಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ನಮ್ಮೂರಿನಲ್ಲಿ ಎಲ್ಲಿ ತೋಡಿದರೂ ಒಂದೇ ಕಪ್ಪು ಮಣ್ಣು, ಎಲ್ಲರ ಉಂಡಿಯೂ ಒಂದೇ ಬಣ್ಣ. ಒಂದೇ ಗುಡ್ಡೆಯಿಂದ ಮಣ್ಣು ತೆಗೆಯಿರಿ ಎಂದು ಇಲ್ಲಿ ಹೇಳಬೇಕೆಂದು ನನಗೆ ತೋಚಿಯೇ ಇರಲಿಲ್ಲ. ಒಬ್ಬರು ತುಳಸಿ ಕುಂಡದಿಂದ ತೆಗೆದಿದ್ದರು, ಒಬ್ಬರು ಮುಂದಿನ ಹೂವಿನ ಪಾತಿಯಿಂದ, ನಾನು ಖಾಲಿ ಸೈಟಿನಿಂದ. ಐದೂ ಹೆಚ್ಚುಕಡಿಮೆ ಕೆಂಪು. ಆರನೆಯದು ಕರ್ರಗೆ, ನುಣ್ಣಗೆ ಕೂತಿತ್ತು. ಹೇಗಿದ್ದರೂ ನೀರಿನಲ್ಲಿ ಕರಗುವುದು ತಾನೇ ಎಂದು ಜಯಮ್ಮ ಕೈಗೆಟುಕಿದ ಊದುಬತ್ತಿಯ ಹಿಟ್ಟಿನಲ್ಲೇ ಉಂಡೆ ಕಟ್ಟಿದ್ದರು. ಅಂಗಳವೆಲ್ಲ ಗಮಗಮ ಎಂದಿತು.

ವಿಶಾಲಾಕ್ಷಮ್ಮ ಮೊದಲು ಅದನ್ನೇ ಎತ್ತಿಕೊಂಡರು. ಮೂಗಿನ ಹತ್ತಿರ ಹಿಡಿದರು. ಹಿಚುಕಿದರು. ಕೆಂಪು ಹರಳು ಕಂಡಿತು.

ಎಲ್ಲರೂ ಜಯಮ್ಮನವರನ್ನು ನೋಡುತ್ತಿದ್ದರು, ಜಯಮ್ಮ ನನ್ನೊಬ್ಬನನ್ನೇ ನೋಡುತ್ತಿದ್ದರು.

“ನೀರಲ್ಲಿ ಹಾಕ್ತೀವಿ ಅಂದಿದ್ರಲ್ಲಾ ಸ್ವಾಮಿ,” ಎಂದರು.

ನಾನು ಮೊರದ ಕಡೆ ಮುಖ ತಿರುಗಿಸಿದೆ.

ಠಾಣೆಗೆ ಯಾರೂ ಹೋಗಲಿಲ್ಲ. ಹೋಗುವ ಅಗತ್ಯವೇ ಬೀಳಲಿಲ್ಲ. ಅಲ್ಲಿಯವರೆಗೆ “ಬನ್ನಿ ಜಯಮ್ಮ, ಕೂತ್ಕೊಳ್ಳಿ” ಎನ್ನುತ್ತಿದ್ದ ವಿಶಾಲಾಕ್ಷಮ್ಮ “ತಿಂಗಳಾಗೋದ್ರೊಳಗೆ ಖಾಲಿ ಮಾಡು” ಎಂದರು. ಮೇಷ್ಟ್ರ ಹೆಂಡತಿ ತಮ್ಮ ಮಕ್ಕಳನ್ನು ಆ ಬಾಗಿಲ ಕಡೆ ಸುಳಿಯಲು ಬಿಡಲಿಲ್ಲ. ಆ ವಾರ ಜಯಮ್ಮನವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರಂತೆ, ಹುಡುಗಿಯ ಬರಿಬೆರಳು ಕಾಣಬಾರದೆಂದು ತೆಗೆದಿರಬೇಕು ಎಂದು ಯಾರೋ ಹೇಳಿದರು. ಇರಬಹುದು. ನಾನು ಕೇಳಲಿಲ್ಲ. ಕೇಳಲು ಮುಖವಿರಲಿಲ್ಲ. ಬುಧವಾರ ಕಚೇರಿಯಿಂದ ಬಂದಾಗ ಅವರ ಬಾಗಿಲಿಗೆ ವಿಶಾಲಾಕ್ಷಮ್ಮನವರ ಬೀಗ ತೂಗುತ್ತಿತ್ತು. ವಾಸನೆ ಮಾತ್ರ ತಿಂಗಳುಗಟ್ಟಲೆ ಹೋಗಲಿಲ್ಲ.

ಮುಂದಿನ ತಿಂಗಳ ತಖ್ತೆ ಬಂದಾಗ ಬೆಂಗಳೂರಿನ ಲೆಕ್ಕದಲ್ಲಿ ನಮ್ಮ ವಠಾರದ್ದು ಏನೂ ಇರಲಿಲ್ಲ. ತಡೆಯಲಾರದೆ ನಂಜುಂಡಯ್ಯನವರಿಗೆ ಎಲ್ಲವನ್ನೂ ಹೇಳಿದೆ. ಗೇಲಿ ಮಾಡುತ್ತಾರೆಂದುಕೊಂಡಿದ್ದೆ. ಅವರು ನಶ್ಯದ ಡಬ್ಬಿ ಮುಚ್ಚಿಟ್ಟರು.

“ಸೊನ್ನೆ ಹೇಗೆ ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ,” ಎಂದರು ಮೆಲ್ಲಗೆ.

ಆ ವರ್ಷ ನಾಗರ ಪಂಚಮಿಗೆ ಊರಿಗೆ ಬಂದಾಗ ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ನೀರು ಇದ್ದಿದ್ದರೆ, ಮಣ್ಣು ಒಂದೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದೆ.

“ಹುಚ್ಚಾ,” ಎಂದಳು ಅವ್ವ. “ನೀರಿದ್ರ ಗೊತ್ತಾಗ್ತಿದ್ದಿಲ್ಲೇನು? ಯಾರ ಮಾರಿ ಹ್ಯಾಂಗೈತಿ, ಯಾರು ಒಳಗ ಎಷ್ಟೊತ್ತು ನಿಂತ್ರು, ನಿಮ್ಮಜ್ಜಿಗೆ ಎಲ್ಲಾ ಗೊತ್ತಾಗ್ತಿತ್ತು. ಓಣಿಗೇ ಗೊತ್ತಾಗ್ತಿತ್ತು. ಗೊತ್ತಾದ ಮ್ಯಾಲ ಗೊತ್ತಿಲ್ಲಧಂಗ ಇರೂದು, ಅದಪಾ ಕಷ್ಟದ್ದು. ಮರುದಿವ್ಸ ಮುಂಜಾನೆ ಅವರ ಮನಿಗೇ ಹೋಗಿ ಮಜ್ಜಿಗಿ ಇಸ್ಕೊಂಡ ಬರ್ತಿದ್ಲು ನಿಮ್ಮಜ್ಜಿ.”

ಮಣ್ಣು, ಉಂಡಿ, ಕತ್ತಲೆ ಕೋಣೆ ಎಲ್ಲವನ್ನೂ ಚಾಮರಾಜಪೇಟೆಗೆ ಹೊತ್ತು ಹೋಗಿದ್ದೆ. ಮಜ್ಜಿಗೆಯ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಆ ಭಾನುವಾರ ಸಂಜೆ ಜಯಮ್ಮನವರ ಬಾಗಿಲಿಗೆ ಹೋಗಿ ಒಂದು ಚೊಂಬು ನೀರು ಕೇಳಿದ್ದರೂ ಅವರು ಉಳಿಯುತ್ತಿದ್ದರೋ ಏನೋ.

ಊರಿನ ಮೇಲೆ ಅಭಿಮಾನ ಉಕ್ಕಿ ಬರುವಷ್ಟರಲ್ಲಿ ಇನ್ನೊಂದು ನೆನಪಾಯಿತು. ನಮ್ಮ ಓಣಿಯ ತುದಿ ಮನೆಯ ಸೊಸೆ ನಿಂಗವ್ವ. ನಾನು ಸಣ್ಣವನಿದ್ದಾಗ ನೀರಿಗೆ ಬಂದರೆ ಆಕೆಯ ತೋಳಿನಲ್ಲಿ ಬಾಸುಂಡೆಗಳು ಕಾಣುತ್ತಿದ್ದವು. ಒಂದು ದಿನ ಆಕೆ ತವರಿಗೆ ಹೋದಳೆಂದರು. ಮತ್ತೆ ಬರಲಿಲ್ಲ.

“ನಿಂಗವ್ವನ್ನ ಆಕಿ ಗಂಡ ಬಡೀತಿದ್ದದ್ದೂ ಓಣಿಗೆಲ್ಲಾ ಗೊತ್ತಿತ್ತಲ್ಲವ್ವಾ?” ಎಂದೆ.

ಅವ್ವನ ಕೈ ನಿಂತಿತು. “ಉಂಡಿ ಕಟ್ಟೋ. ಬೆಲ್ಲ ಆರಿದ್ರ ಕಟ್ಟಾಕ ಬರೂದಿಲ್ಲ,” ಎಂದಳು.

ಸಂಪಾದಕರೇ, ಅದಕ್ಕೇ ನಿಮ್ಮ ಲೇಖನ ನನ್ನಿಂದ ಆಗಲಿಲ್ಲ. ಈಗಲೂ ತಿಂಗಳಿಗೊಮ್ಮೆ ಹಾಳೆಯ ಬುಡದಲ್ಲಿ ನಮ್ಮೂರಿನ ಸೊನ್ನೆ ಬರೆಯುತ್ತೇನೆ. ಬರೆಯುವಾಗ ಒಮ್ಮೊಮ್ಮೆ ಅಜ್ಜಿಯ ಮಜ್ಜಿಗೆ ನೆನಪಾಗುತ್ತದೆ, ಒಮ್ಮೊಮ್ಮೆ ನಿಂಗವ್ವನ ತೋಳು. ಬೆಂಗಳೂರಿನ ದೊಡ್ಡ ಅಂಕಿಯನ್ನು ಬರೆಯುವಾಗ ಇಷ್ಟು ಜನ ಧೈರ್ಯ ಮಾಡಿ ಬಾಯಿ ಬಿಟ್ಟರಲ್ಲ ಎಂದೂ ಅನಿಸುತ್ತದೆ, ಇಷ್ಟು ಜನ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದಾರಲ್ಲ ಎಂದೂ ಅನಿಸುತ್ತದೆ. ಊರಿಗೆ ಬಂದರೆ “ಬೆಂಗಳೂರಾಗ ಕಳ್ಳರು ಭಾಳಂತಲ್ಲೋ?” ಎಂದು ಕೇಳುತ್ತೀರಿ. ಹೌದೆಂದರೆ ಅಲ್ಲಿಗೆ ದ್ರೋಹ, ಇಲ್ಲವೆಂದರೆ ಇಲ್ಲಿಗೆ.

ಹೋದ ತಿಂಗಳು ಗಾಂಧಿಬಜಾರಿನಲ್ಲಿ ಹೂವಿನ ಸಾಲು ದಾಟುವಾಗ ಪರಿಚಿತ ವಾಸನೆ ಕಾಲು ಕಟ್ಟಿತು. ಗೋಣಿತಾಟಿನ ಮೇಲೆ ಊದುಬತ್ತಿ ಕಟ್ಟುಗಳನ್ನು ಹರವಿಕೊಂಡು ಜಯಮ್ಮ ಕೂತಿದ್ದರು. ತಲೆ ನರೆತಿತ್ತು. ನನ್ನನ್ನು ಕಂಡು ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಆಡತೊಡಗಿತು.

“ಊದುಬತ್ತಿ ಬೇಕಾ ಸ್ವಾಮಿ?” ಎಂದರು. “ಯಾವ ಊರು ನಿಮ್ದು?”

ಇದೇ ಮೊದಲ ಸಲ ನೋಡಿದವರಂತೆ ಕೇಳಿದರು. ಕ್ಷಮಿಸಿ ಎನ್ನಲು ತೆರೆದ ಬಾಯನ್ನು ಮುಚ್ಚಿಕೊಂಡೆ. ನಮ್ಮಜ್ಜಿ ಎಷ್ಟೋ ಜನರಿಗೆ ಮಾಡಿದ್ದನ್ನು ಇವರು ನನಗೆ ಮಾಡುತ್ತಿದ್ದರು. ಅದನ್ನು ನಾನು ಮತ್ತೆ ಒಡೆಯಬಾರದೆನಿಸಿತು.

“ಇಲ್ಲೇ, ಚಾಮರಾಜಪೇಟೆ,” ಎಂದೆ.

“ಮಾತು ಹಾಗಿಲ್ವಲ್ಲ. ಆ ಕಡೆಯವ್ರಿರ್ಬೇಕು.”

“ಹೌದ್ರಿ,” ಎಂದೆ.

ಕಾಗದದಲ್ಲಿ ಕಟ್ಟಿ ನನ್ನ ಕೈಗಿತ್ತರು. “ಇಲ್ಲಿ ಹೊಂದ್ಕೊಂಡ್ರಾ?”

ತಲೆಯಾಡಿಸಿದೆ.

“ನಾವೂ ಆಚೆ ಹೊಸ ಬಡಾವಣೆಗೆ ಹೋಗಿದೀವಿ ಸ್ವಾಮಿ,” ಎಂದರು ಜಯಮ್ಮ, ಮುಂದಿನ ಕಟ್ಟಿಗೆ ದಾರ ಸುತ್ತುತ್ತ. “ಮನೆ ಪರವಾಗಿಲ್ಲ. ನೀರಿಗೆ ಮಾತ್ರ ಬಹಳ ದೂರ ಹೋಗ್ಬೇಕು.”